ಬಾರ್ಬೆಲ್ಲೋ, ಡಂಬೆಲ್ಲೋ… ಮತ್ತು ನನ್ನ ಎಡಗೈ

"ಅಲ್ಲ ಮಾರಾಯ್ರೆ, ಮೂವತ್ತು ವರ್ಷ ಬಾರ್ಬೆಲ್ ಎತ್ತಿದ ಮನುಷ್ಯ ನೀವು. ಈಗ ಆ ಎರಡು ಗಿಲಕಿ ಹಿಡ್ಕೊಂಡು ಮಲಗಿದ್ದೀರಲ್ಲ, ಎಂತ ಕಥೆ ನಿಮ್ದು?" ಅಂತ ನಮ್ಮ ಶೆಟ್ರು ಮೊನ್ನೆ ಎಲ್ಲರೆದುರಿಗೇ ಕೇಳಿಬಿಟ್ಟರು. ಜಾಗ: ಸಾಂತಾಕ್ರೂಜ್ ಪೂರ್ವ, ವಾಕೋಲಾದ ಒಂದು ಹಳೇ ವ್ಯಾಯಾಮಶಾಲೆ. ಸಮಯ: ಬೆಳಿಗ್ಗೆ ಆರೂಕಾಲು. ಕನ್ನಡ ಬಾರದ ಹುಡುಗರಿಗೂ ಅವರು ನನ್ನನ್ನು ತಮಾಷೆ ಮಾಡುತ್ತಿದ್ದಾರೆ ಅನ್ನುವುದು ಅರ್ಥವಾಗಿ ಎಲ್ಲರೂ ನಕ್ಕರು. ನಾನೂ ನಕ್ಕೆ. "ವಯಸ್ಸಾಯ್ತಲ್ಲ ಶೆಟ್ರೆ, ಭುಜ ನೋವು" ಅಂದೆ. ಎಪ್ಪತ್ತು ದಾಟಿದ ಅವರ ಮುಂದೆ ಅರವತ್ತಮೂರರ ನಾನು ವಯಸ್ಸಿನ ಮಾತಾಡಿದ್ದು ಇನ್ನೂ ದೊಡ್ಡ ತಮಾಷೆಯಾಯಿತು!

ಭುಜ ನೋವು ಅಂದದ್ದು ಸುಳ್ಳಲ್ಲ. ಆದರೆ ಅದು ಅರ್ಧ ಉತ್ತರ. ಇನ್ನರ್ಧ ಅಲ್ಲಿ ನಿಂತುಕೊಂಡು ಹೇಳುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಬ್ಬಿಣ ಎತ್ತುವ ಗೀಳು ಇಲ್ಲದವರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ನಡುವೆ ಊರಿನ ವಿಷಯವೂ ಬರುತ್ತದೆ.

ನಾನು ಕುಂದಾಪುರದ ಹತ್ತಿರದ ಹಳ್ಳಿಯವನು. 1979ರಲ್ಲಿ, ಹದಿನೇಳನೇ ವಯಸ್ಸಿಗೆ, ಮುಂಬಯಿ ಬಸ್ಸು ಹತ್ತಿದೆ. ಆಗ ಕೊಂಕಣ ರೈಲು ಎಲ್ಲಿತ್ತು? ನಮ್ಮ ಕಡೆಯ ಎಷ್ಟೋ ಹುಡುಗರ ಹಾಗೆ ಹಗಲು ಉಡುಪಿ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. ಎರಡನೇ ಮಳೆಗಾಲದಲ್ಲಿ ದೋಸೆ ಹಿಟ್ಟಿನ ದೊಡ್ಡ ಪಾತ್ರೆ ಹೊತ್ತು ಒದ್ದೆ ಮೆಟ್ಟಿಲು ಇಳಿಯುವಾಗ ಜಾರಿ ಬಿದ್ದೆ. ಹಿಟ್ಟು ಉಳಿಸಲು ಹೋಗಿ ಎಡಭುಜದ ಮೇಲೆ ಬಿದ್ದು ಕಾಲರ್ ಮೂಳೆ ಮುರಿಯಿತು. ಹಿಟ್ಟೂ ಉಳಿಯಲಿಲ್ಲ ಅನ್ನಿ. ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ತಿಂಗಳುಗಟ್ಟಲೆ ಗಲ್ಲದ ಮೇಲೆ ಕೂತು ಟೋಕನ್ ಕೊಟ್ಟೆ. ಊರಿಗೆ ಬರೆದ ಇನ್‌ಲ್ಯಾಂಡ್ ಪತ್ರದಲ್ಲಿ ಮಾತ್ರ "ಇಲ್ಲಿ ಎಲ್ಲಾ ಕ್ಷೇಮ" ಅಂತಲೇ ಇತ್ತು. ಮೂಳೆ ಕೂಡಿತು. ಕೈ ಮೇಲೆ ಹೋಯಿತು. ನಾನು ಆ ವಿಷಯ ಮರೆತೆ.

ಮುಂದೆ ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ, ವಾಕೋಲಾದಲ್ಲಿ ಒಂದು ಕೋಣೆ ಮಾಡಿದ ಮೇಲೆ, 1990ರಲ್ಲಿ ಈ ವ್ಯಾಯಾಮಶಾಲೆ ಸೇರಿದೆ. ಜಿಮ್ ಅಂತ ಕರೆಯುವ ಹಾಗಿರಲಿಲ್ಲ. ಹಂಚಿನ ಮಾಡು, ಒಂದು ಮೂಲೆಯಲ್ಲಿ ಹನುಮಂತನ ಫೋಟೋ, ಒಂದು ಬೆಂಚು, ಬಾರ್ ಒಂದೇ ಒಂದು. ಡಂಬೆಲ್ ಇದ್ದವು, ಆದರೆ ಜೋಡಿ ಸರಿ ಇರಲಿಲ್ಲ. ಒಂದು ಹತ್ತು ಕಿಲೋ ಇದ್ದರೆ ಅದರ ಜತೆಗಾರ ಎಂಟು! ಹೀಗಾಗಿ ಎದೆಯ ವ್ಯಾಯಾಮ ಅಂದರೆ ಬೆಂಚಿನ ಮೇಲೆ ಅಂಗಾತ ಮಲಗಿ ಬಾರ್ ಎತ್ತುವುದು, ಅಷ್ಟೇ. ಆಯ್ಕೆಯ ಪ್ರಶ್ನೆಯೇ ಇರಲಿಲ್ಲ.

ನಮ್ಮ ಭಾಷೆಗೆ ಈ ವಿಷಯ ಹೊಸದೇನಲ್ಲ. ತುಳುನಾಡಿನಲ್ಲಿ ಗರಡಿ ಅಂದರೆ ಕೋಟಿ ಚೆನ್ನಯರ ಸ್ಥಾನ, ಮೈಸೂರು ಕಡೆ ಗರಡಿ ಮನೆ ಅಂದರೆ ಕೆಮ್ಮಣ್ಣಿನ ಅಖಾಡ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗುಂಡು ಎತ್ತುತ್ತಾರೆ, ಸಂಗ್ರಾಣಿ ಕಲ್ಲು ಎತ್ತುತ್ತಾರೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಬಾರ್ಬೆಲ್ಲಿನ ಜತೆಗೆ ಸೂರ್ಯನಮಸ್ಕಾರವನ್ನೂ ಕಲಿಸುತ್ತಿದ್ದರು. ಅಂಚೆಯ ಮೂಲಕವೂ ಪಾಠ ಹೇಳುತ್ತಿದ್ದರಂತೆ! ನಮ್ಮ ಕುಂದಾಪುರದ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ತಂದಾಗ, ಇಲ್ಲಿ ವಾಕೋಲಾದಲ್ಲಿ ನಾನು ಎಲ್ಲರಿಗೂ ಪೇಡಾ ಹಂಚಿದ್ದೆ. 2022ರಲ್ಲಿ 61 ಕಿಲೋ ವಿಭಾಗದ ಕಂಚು ಬಂದಾಗಲೂ. ಅವರದ್ದು ಬೇರೆ ವಿದ್ಯೆ ಅನ್ನುವುದು ಗೊತ್ತಿದೆ. ವೇಟ್‌ಲಿಫ್ಟಿಂಗ್‌ನಲ್ಲಿ ಮಲಗಿ ಎತ್ತುವುದೇ ಇಲ್ಲ, ಬೆಂಚ್ ಪ್ರೆಸ್ ಇರುವುದು ಪವರ್‌ಲಿಫ್ಟಿಂಗ್‌ನಲ್ಲಿ. ಆದರೂ ನಮ್ಮೂರಿನ ಹುಡುಗ ಅಲ್ಲವೇ?

ಇರಲಿ, ವಿಷಯಕ್ಕೆ ಬರೋಣ.

ಬಾರ್ಬೆಲ್‌ನ ಸುಖ ಏನೆಂದರೆ ಲೆಕ್ಕ ಸುಲಭ. ಒಲಿಂಪಿಕ್ ಬಾರ್ ಆದರೆ 20 ಕಿಲೋ, ಎರಡೂ ಕಡೆ ಹತ್ತತ್ತು ಹಾಕಿದರೆ 40. ಒಂದೂಕಾಲು ಕಿಲೋದ ತಟ್ಟೆ ಇದ್ದರೆ ಎರಡೂವರೆ ಕಿಲೋದಂತೆ ಮೆಲ್ಲಗೆ ಏರಿಸುತ್ತಾ ಹೋಗಬಹುದು. ಡಂಬೆಲ್‌ನಲ್ಲಿ ಹಾಗಲ್ಲ. ಕೈಗೆ ಎರಡೂವರೆ ಏರಿಸಿದರೆ ಒಟ್ಟು ಐದು ಏರಿತು. ಶಕ್ತಿ ಅಷ್ಟು ಬೇಗ ಏರುವುದಿಲ್ಲ, ಹತ್ತಕ್ಕೂ ಹನ್ನೆರಡೂವರೆಗೂ ನಡುವೆ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತೇವೆ. ಮತ್ತೆ ಬಾರ್ ಎರಡು ಕೈಯನ್ನೂ ಕಟ್ಟಿಹಾಕುವುದರಿಂದ ಅಲುಗಾಟ ಕಡಿಮೆ, ಜಾಸ್ತಿ ಭಾರ ಹೋಗುತ್ತದೆ. 2011ರಲ್ಲಿ ನಾರ್ವೆಯ ಸಂಶೋಧಕರು ಇದನ್ನು ಅಳೆದು ಪ್ರಕಟಿಸಿದ್ದಾರೆ. ಒಂದೇ ಸಲ ಎತ್ತಬಹುದಾದ ಗರಿಷ್ಠ ಭಾರ ಬಾರ್ಬೆಲ್‌ಗಿಂತ ಡಂಬೆಲ್‌ನಲ್ಲಿ ಶೇಕಡಾ 17ರಷ್ಟು ಕಡಿಮೆ ಇತ್ತು. ಅಂದರೆ ಬಾರ್‌ನಲ್ಲಿ 60 ಎತ್ತುವವನು ಡಂಬೆಲ್‌ನಲ್ಲಿ ಕೈಗೆ 25ರ ಆಸುಪಾಸು. ಆದರೆ ಎದೆಯ ಸ್ನಾಯುವಿನ ದುಡಿಮೆ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ! ತೋಳಿನ ಹಿಂಭಾಗದ ಸ್ನಾಯು ಮಾತ್ರ ಡಂಬೆಲ್‌ನಲ್ಲಿ ಕಡಿಮೆ ದುಡಿಯಿತು. ಆದ್ದರಿಂದ "ಎದೆ ಬೆಳೆಯಬೇಕಾದರೆ ಬಾರೇ ಬೇಕು" ಅನ್ನುವ ನಮ್ಮ ಶೆಟ್ರ ವೇದವಾಕ್ಯಕ್ಕೆ ಆಧಾರ ಇಲ್ಲ. ಇದನ್ನು ಅವರಿಗೆ ಹೇಳಿದರೆ "ನಾರ್ವೆಯಲ್ಲಿ ಮೀನು ತಿಂತಾರೆ, ಅವರಿಗೆ ಆಗ್ತದೆ" ಅಂದರು. ಶೆಟ್ರೂ ದಿನಾ ಮೀನು ತಿನ್ನುವವರೇ ಅನ್ನುವುದು ಬೇರೆ ಮಾತು.

ಬಾರ್‌ನ ಅಪಾಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ನಾನೇ ಉಂಡಿದ್ದೇನೆ. 1996ರ ಒಂದು ಭಾನುವಾರ ಮಧ್ಯಾಹ್ನ. ಒಳಗೆ ಯಾರೂ ಇಲ್ಲ. 65 ಕಿಲೋ ಹಾಕಿ, ತಟ್ಟೆ ಜಾರದ ಹಾಗೆ ಎರಡೂ ಕಡೆ ಕ್ಲಿಪ್ ಬಿಗಿದು, ಐದು ಸಲ ಎತ್ತಿದೆ. ಆರನೆಯದು ಎದೆಯ ಮೇಲೆ ಬಂತು, ಮೇಲೆ ಹೋಗಲಿಲ್ಲ. ಕ್ಲಿಪ್ ಇದ್ದದ್ದರಿಂದ ಬಾರ್ ವಾಲಿಸಿ ತಟ್ಟೆ ಬೀಳಿಸುವ ಹಾಗೂ ಇಲ್ಲ. ಉಸಿರು ಬಿಟ್ಟರೆ ಎದೆ ತಗ್ಗುತ್ತದೆ, ಬಾರ್ ಇನ್ನೂ ಒತ್ತುತ್ತದೆ. ಕೂಗಲು ಉಸಿರಿಲ್ಲ. ಕೊನೆಗೆ ಬಾರನ್ನು ಹೊಟ್ಟೆಯ ಮೇಲಿಂದ ಉರುಳಿಸುತ್ತಾ ತೊಡೆಗೆ ತಂದು ಎದ್ದು ಕೂತೆ. ಹೊಟ್ಟೆಯ ಮೇಲೆ ಎರಡು ವಾರ ನೀಲಿ ಗೆರೆ ಇತ್ತು. ಹೆಂಡತಿಗೆ ಲೋಕಲ್ ಟ್ರೈನಿನ ನೂಕುನುಗ್ಗಲು ಅಂತ ಹೇಳಿದೆ. ಅಂದಿನಿಂದ ಒಬ್ಬನೇ ಇದ್ದರೆ ಬಾರ್ ಎತ್ತುವುದಿಲ್ಲ. ನೀವೂ ಎತ್ತಬೇಡಿ. ತಲೆಯ ಹಿಂದೆ ಒಬ್ಬರು ನಿಂತಿರಬೇಕು, ಅಥವಾ ಅಡ್ಡ ಸರಳು ಇರುವ ಚೌಕಟ್ಟಿನ ಒಳಗೆ ಎತ್ತಬೇಕು. ಹೆಬ್ಬೆರಳನ್ನು ಬಾರ್‌ಗೆ ಸುತ್ತಿಯೇ ಹಿಡಿಯಬೇಕು, ಬೆರಳೆಲ್ಲಾ ಒಂದೇ ಕಡೆ ಇಟ್ಟರೆ ಬಾರ್ ಜಾರಿ ನೇರ ಕುತ್ತಿಗೆಗೆ ಬರುತ್ತದೆ. ಡಂಬೆಲ್‌ನಲ್ಲಿ ಈ ಕಂಟಕ ಇಲ್ಲ. ಆಗದಿದ್ದರೆ ಎರಡೂ ಪಕ್ಕಕ್ಕೆ ಇಳಿಸಿದರಾಯಿತು, ಪಕ್ಕದವರ ಕಾಲು ನೋಡಿಕೊಂಡು!

2005ರ ಜುಲೈ 26ರ ಮಳೆ ನಿಮಗೆ ನೆನಪಿರಬಹುದು. ನಮ್ಮ ಸಾಂತಾಕ್ರೂಜ್ ವೀಕ್ಷಣಾಲಯದಲ್ಲೇ ಒಂದು ದಿನಕ್ಕೆ 944 ಮಿಲಿಮೀಟರ್ ದಾಖಲಾದದ್ದು. ವ್ಯಾಯಾಮಶಾಲೆಯೊಳಗೆ ಎದೆಮಟ್ಟ ನೀರು. ಬೆಂಚಿನ ರೆಕ್ಸಿನ್ ಕೊಳೆತುಹೋಯಿತು, ಹನುಮಂತನ ಫೋಟೋ ತೇಲಿಹೋಯಿತು. ಬಾರ್ ಮಾತ್ರ ಕೆಸರಿನಲ್ಲಿ ಮಲಗಿತ್ತು. ನಾನೂ ಶೆಟ್ರೂ ಇನ್ನಿಬ್ಬರೂ ಸೇರಿ ಮರಳು ಕಾಗದ ಹಾಕಿ ಉಜ್ಜಿ, ತೆಂಗಿನೆಣ್ಣೆ ಸವರಿ ಮತ್ತೆ ಎತ್ತಲು ಶುರುಮಾಡಿದೆವು. ಆ ಬಾರ್ ಮೇಲೆ ನಮಗೆ ಅಷ್ಟು ಮಮತೆ. ಶೆಟ್ರು ನನ್ನನ್ನು ತಮಾಷೆ ಮಾಡಿದ್ದರ ಹಿಂದೆ ಸ್ವಲ್ಪ ಬೇಸರವೂ ಇತ್ತು ಅಂತ ನನಗೆ ಗೊತ್ತು. ಒಟ್ಟಿಗೆ ತುಕ್ಕು ಉಜ್ಜಿದವನು ಬಿಟ್ಟುಹೋದ ಹಾಗೆ.

ನಾನು ಬಿಟ್ಟದ್ದು ಯಾಕೆ ಅಂದರೆ… 2023ರ ಆರಂಭದಲ್ಲಿ ಬಲಭುಜ ನೋಯಲು ಶುರುವಾಯಿತು. ನೆನಪಿಡಿ, ಬಲ. ಮುರಿದದ್ದು ಎಡ. ಅಂಗಿ ತೊಡುವಾಗ, ಟ್ರೈನಿನಲ್ಲಿ ಮೇಲಿನ ಹಿಡಿ ಹಿಡಿಯುವಾಗ ಚಳಕು. ಮೂಳೆ ಡಾಕ್ಟರು ನೋಡಿ, ಭುಜದ ನರಹುರಿ ಉಜ್ಜಿ ಉಜ್ಜಿ ಊದಿದೆ ಅಂದರು. ಆರು ವಾರ ಬಾರ್ ಮುಟ್ಟಬಾರದು, ಫಿಸಿಯೋಥೆರಪಿ ಮಾಡಿಸಿಕೊಳ್ಳಿ ಅಂತ ಚೀಟಿ ಬರೆದರು. ಫಿಸಿಯೋ ಹುಡುಗಿ ಮರಾಠಿಯವಳು, ಬಹಳ ಚುರುಕು. "ಕಾಕಾ, ನೀವು ಬಾರ್ ಎತ್ತುವ ವಿಡಿಯೋ ಇದ್ದರೆ ತೋರಿಸಿ" ಅಂದಳು. ಮಗ ಯಾವಾಗಲೋ ತೆಗೆದದ್ದು ಫೋನಿನಲ್ಲಿತ್ತು. ಅವಳು ನಿಲ್ಲಿಸಿ ನಿಲ್ಲಿಸಿ ನೋಡಿ, ಪರದೆಯ ಮೇಲೆ ಬೆರಳಿಟ್ಟಳು. ಬಾರ್ ಮೇಲೆ ಕೈ ಎಲ್ಲಿಡಬೇಕು ಅಂತ ಅಂದಾಜಿಗೆ ಎರಡು ಕಡೆ ಗೆರೆ ಇರುತ್ತದಲ್ಲ? ನನ್ನ ಎಡಗೈ ಗೆರೆಯ ಮೇಲೆ ಸರಿಯಾಗಿತ್ತು. ಬಲಗೈ ಮೂರು ಬೆರಳಿನಷ್ಟು ಒಳಗೆ, ನಡುವಿನ ಕಡೆಗೆ ಬಂದಿತ್ತು. ಬೆನ್ನೂ ಸ್ವಲ್ಪ ತಿರುಚಿತ್ತು. "ನಿಮ್ಮ ಎಡಗೈ ದುರ್ಬಲ. ಬಲಗೈ ಅದರ ಪಾಲನ್ನೂ ಹೊರುತ್ತಾ ಬಂದಿದೆ. ಎಷ್ಟು ವರ್ಷದಿಂದ?" ಅಂತ ಕೇಳಿದಳು.

ಮೂವತ್ತು ವರ್ಷ ಆಯಿತಲ್ಲ ತಾಯಿ!

ಮನೆಗೆ ಬಂದು ಕಾಗದ ತೆಗೆದು ಲೆಕ್ಕ ಹಾಕಿದೆ. ಬ್ಯಾಂಕಿನ ಚಟ, ಲೆಕ್ಕ ಹಾಕದೆ ಬಿಡುವುದಿಲ್ಲ. ಇದು ಶಾಲೆಯಲ್ಲಿ ಕಲಿತ ಸನ್ನೆಗೋಲಿನ ಲೆಕ್ಕವೇ. ಎರಡು ಕೈಯೂ ನಡುವಿನಿಂದ ಸಮ ದೂರದಲ್ಲಿದ್ದರೆ 60 ಕಿಲೋ ಮೂವತ್ತು-ಮೂವತ್ತಾಗಿ ಹಂಚಿಕೆಯಾಗುತ್ತದೆ. ಬಲಗೈ 35 ಸೆಂಟಿಮೀಟರ್, ಎಡಗೈ 40 ಸೆಂಟಿಮೀಟರ್ ದೂರದಲ್ಲಿದ್ದರೆ ಬಲಕ್ಕೆ 32, ಎಡಕ್ಕೆ 28. ನಾಲ್ಕು ಕಿಲೋ ವ್ಯತ್ಯಾಸ. ನೋಡುವವರಿಗೆ ಬಾರ್ ನೆಟ್ಟಗೇ ಕಾಣುತ್ತದೆ. ಎತ್ತುವವನಿಗೂ ಗೊತ್ತಾಗುವುದಿಲ್ಲ. ಒಂದೊಂದು ಸಲಕ್ಕೆ ನಾಲ್ಕು ಕಿಲೋ, ದಿನಕ್ಕೆ ಮೂವತ್ತು ಸಲ, ವಾರಕ್ಕೆ ಎರಡು ದಿನ, ವರ್ಷಕ್ಕೆ ಐವತ್ತು ವಾರ… ಅಲ್ಲಿಗೆ ಪೆನ್ನು ಕೆಳಗಿಟ್ಟೆ.

ಊರಿನಲ್ಲಿ ಕಲ್ಲನ್ನೋ, ಹಸಿ ಮರದ ದಿಮ್ಮಿಯನ್ನೋ ಕೋಲಿಗೆ ಕಟ್ಟಿ ಇಬ್ಬರು ಹೊರುವುದು ನೋಡಿದ್ದೀರಲ್ಲ? ಹಗ್ಗ ನಡುವಿನಿಂದ ಸ್ವಲ್ಪ ಜಾರಿದರೆ ಸಾಕು, ಹೊರೆಯ ಹತ್ತಿರ ಇರುವವನ ಹೆಗಲಿಗೆ ಭಾರ ಜಾಸ್ತಿ. ದೂರದವನು ಅದೇ ಕೋಲು ಹೊತ್ತಿರುತ್ತಾನೆ, ಅಷ್ಟೇ ದೂರ ನಡೆದಿರುತ್ತಾನೆ, ಅಷ್ಟೇ ಬೆವರೊರೆಸಿಕೊಳ್ಳುತ್ತಾನೆ. ಸುಳ್ಳು ಹೇಳುವುದಿಲ್ಲ, ಪಾಪ. ತಾನೂ ಅರ್ಧ ಹೊತ್ತೆ ಅಂತಲೇ ಅವನು ನಂಬಿರುತ್ತಾನೆ.

ಹೇಗೂ ಆರು ವಾರ ಬಾರ್ ಮುಟ್ಟುವಂತಿಲ್ಲ, ಹಿಂದಿನ ವರ್ಷವಷ್ಟೇ ರಿಟೈರ್ ಆಗಿದ್ದೆ. ಮತ್ಸ್ಯಗಂಧ ಹತ್ತಿ ಊರಿಗೆ ಹೋದೆ. ಅಣ್ಣ, ಅತ್ತಿಗೆ ಇಬ್ಬರೇ ಮನೆಯಲ್ಲಿ. ಅಮ್ಮ 2019ರಲ್ಲಿ ಹೋದರು. ಅದಕ್ಕೆ ಮೊದಲು ಮೂರು ವರ್ಷ ಹಾಸಿಗೆಯಲ್ಲೇ ಇದ್ದರು.

ಹೋದ ಮರುದಿನ ಬೆಳಿಗ್ಗೆ ಅಣ್ಣ ಸ್ನಾನ ಮಾಡಿ ಬಂದು ತಂತಿಯ ಮೇಲಿದ್ದ ಅಂಗಿ ತೆಗೆಯಬೇಕಿತ್ತು. ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಎಡಗೈಯಿಂದ ಅಂಗಿಯ ತುದಿ ಹಿಡಿದು ಎಳೆದು ತೆಗೆದ. ಅತ್ತಿಗೆ ಬಂದು ತೋಳು ತೂರಿಸಿ ತೊಡಿಸಿದರು. ಇಬ್ಬರಿಗೂ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಮಾತು ನಿಲ್ಲಿಸಲೇ ಇಲ್ಲ.

"ಕೈಗೆ ಎಂತ ಆಯ್ತ್ ಅಣ್ಣ?" ಅಂದೆ.

"ಎಂತ ಇಲ್ಲೆ ಮರಾಯ. ಮೇಲ್ ಎತ್ತುಕ್ ಆತಿಲ್ಲ. ಸುಮಾರ್ ವರ್ಷ ಆಯ್ತ್."

ಅತ್ತಿಗೆ ಒಳಗಿನಿಂದಲೇ ಹೇಳಿದರು: "ಅತ್ತೆಯನ್ನ ಎತ್ತಿ ಎತ್ತಿ ಹಂಗಾಯ್ತ್. ಡಾಕ್ಟ್ರಲ್ಲಿಗ್ ಹೋಯ್ನಿ ಅಂದ್ರೆ ಕೇಂತ್ರಿಲ್ಲ."

ನನಗೆ ಅಲ್ಲೇ ನಿಂತ ಹಾಗಾಯಿತು. ಅಮ್ಮ ಹಾಸಿಗೆ ಹಿಡಿದ ಮೂರು ವರ್ಷವೂ ನಾನು ಖರ್ಚಿನ ಅರ್ಧ ಕಳಿಸಿದ್ದೇನೆ. ಅರ್ಧ ಅಂದರೆ ಸರಿಯಾಗಿ ಅರ್ಧ. ಔಷಧಿ ಚೀಟಿಯ ಫೋಟೋ ಅಣ್ಣ ವಾಟ್ಸಾಪಿನಲ್ಲಿ ಹಾಕುತ್ತಿದ್ದ, ನಾನು ಕೂಡಿಸಿ, ಭಾಗಿಸಿ, ಎರಡನೇ ತಾರೀಖಿಗೆ ಹಣ ಹಾಕುತ್ತಿದ್ದೆ. ಒಂದು ತಿಂಗಳೂ ತಪ್ಪಿಲ್ಲ. ಸಾಂತಾಕ್ರೂಜ್‌ನ ಬಿಲ್ಲವ ಭವನದ ಕಾರ್ಯಕ್ರಮಕ್ಕೋ, ಮಾಟುಂಗಾದ ಮೈಸೂರು ಅಸೋಸಿಯೇಷನ್ ಕಡೆಗೋ ಹೋದಾಗ ಊರಿನ ಸುದ್ದಿ ಬಂದರೆ "ನಾವು ಅಣ್ಣ ತಮ್ಮ ಸಮ ಸಮ ನೋಡಿಕೊಳ್ಳುತ್ತಿದ್ದೇವೆ" ಅಂತ ಧೈರ್ಯವಾಗಿ ಹೇಳುತ್ತಿದ್ದೆ. ವರ್ಷಕ್ಕೆ ಹತ್ತು ದಿನ ರಜೆ ಹಾಕಿ ಹೋಗುತ್ತಿದ್ದೆ. ಆ ಹತ್ತು ದಿನ ಅಮ್ಮನನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಎತ್ತಲು ನಾನೂ ಕೈ ಕೊಡುತ್ತಿದ್ದೆ. ಅಣ್ಣ ತಲೆಯ ಕಡೆ, ನಾನು ಕಾಲ ಕಡೆ. ಮನುಷ್ಯನ ಮೈ ಭಾರ ಹೆಚ್ಚು ಇರುವುದು ಸೊಂಟದ ಮೇಲೆ ಅನ್ನುವುದು ಆಗ ನನಗೆ ಹೊಳೆದಿರಲಿಲ್ಲ. ಅಣ್ಣನಿಗೆ ಹೊಳೆದಿತ್ತೋ ಏನೋ, "ನೀ ಕಾಲ್ ಹಿಡ್ಕೋ" ಅಂತ ಅವನೇ ಹೇಳುತ್ತಿದ್ದ. ಉಳಿದ ಮುನ್ನೂರ ಐವತ್ತೈದು ದಿನ ಕಾಲ ಕಡೆಗೆ ಅತ್ತಿಗೆ ಇದ್ದರು.

ಆ ರಾತ್ರಿ ಜಗಲಿಯಲ್ಲಿ ಕೂತಾಗ ಅಣ್ಣನಿಗೆ ಈ ಬಾರಿನ ಕಥೆ, ಮೂರು ಬೆರಳಿನ ಲೆಕ್ಕ ಎಲ್ಲಾ ಹೇಳಿದೆ. ಅದರ ಹಿಂದಿನ ಮಾತನ್ನು ಹೇಳಲು ಆಗಲಿಲ್ಲ. ಆದರೆ ಅವನು ದಡ್ಡನಲ್ಲವಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ: "ನೀನ್ ಕಳ್ಸಿದ್ ದುಡ್ಡ್ ಇಲ್ದೆ ಇದ್ರೆ ಔಷಧಿ ಎಲ್ಲಿಂದ ಬಪ್ದ್? ಹತ್ರ ಇದ್ದವ ಎತ್ತುದ್, ದೂರ ಇದ್ದವ ಕಳ್ಸುದ್. ಅದಕ್ಕೆಲ್ಲ ಎಂತ ಲೆಕ್ಕ?" ಸ್ವಲ್ಪ ಹೊತ್ತು ಬಿಟ್ಟು, "ನಿಂಗೆ ಎಡಗೈ ಮೂಳೆ ಮುರ್ದದ್ ನಮ್ಗೆ ಗೊತ್ತಿತ್ತ್" ಅಂದ. ಹೋಟೆಲಿನಲ್ಲಿ ನಮ್ಮೂರಿನವನೇ ಒಬ್ಬ ಇದ್ದನಲ್ಲ, ಅವನು ಮನೆಗೆ ಬರೆದಿದ್ದನಂತೆ. "ಅಮ್ಮ ಎರಡ್ ದಿನ ಉಣ್ಲಿಲ್ಲ. ನೀನ್ ಕ್ಷೇಮ ಅಂತ ಬರ್ದದ್ದ್ ಓದಿ ಹೇಳ್ದೆ. ಹೌದ್ ಹೌದ್ ಅಂದ್ಳ್."

ನಲವತ್ತು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಹೇಳದೇ ಇದ್ದ ಸುದ್ದಿ ಇದು. ನಾನು ಎಡಗೈ ಮುಚ್ಚಿಟ್ಟೆ, ಅವನು ಬಲಗೈ ಮುಚ್ಚಿಟ್ಟ.

ಹದಿನೈದು ದಿನಕ್ಕೆಂದು ಹೋದವನು ಒಂದೂವರೆ ತಿಂಗಳು ಉಳಿದೆ. ಮೊದಲ ವಾರವೇ ಅಣ್ಣನನ್ನು ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಭುಜ ಗಟ್ಟಿಯಾಗಿ ಹಿಡಿದುಕೊಂಡಿದೆ, ದಿನಾ ವ್ಯಾಯಾಮ ಮಾಡಿಸಿದರೆ ಸ್ವಲ್ಪ ಸ್ವಲ್ಪ ಬಿಡುತ್ತದೆ ಅಂದರು. ಬೆಳಿಗ್ಗೆ ಅಣ್ಣ ತಮ್ಮ ಇಬ್ಬರೂ ಅಂಗಳದಲ್ಲಿ ಬಗ್ಗಿ ನಿಂತು ಗಡಿಯಾರದ ಲೋಲಕದ ಹಾಗೆ ಕೈ ತೂಗಾಡಿಸುವುದು, ಗೋಡೆಯ ಮೇಲೆ ಬೆರಳಿನಿಂದ ಹತ್ತುವುದು. ಪಕ್ಕದ ಮನೆಯ ಮಕ್ಕಳಿಗೆ ಪುಕ್ಕಟೆ ಮನರಂಜನೆ! ಆಮೇಲೆ ಅರ್ಧ ಲೀಟರ್ ಬಾಟಲಿಗೆ ನೀರು ತುಂಬಿಸಿ ಅದನ್ನೇ ಡಂಬೆಲ್ ಮಾಡಿದೆವು. ಡಂಬೆಲ್ ಅಂದರೆ ಮೂಲದಲ್ಲಿ ಸದ್ದಿಲ್ಲದ ಗಂಟೆ ಅಂತ ಅರ್ಥ. ನಮ್ಮದು ಗುಳುಗುಳು ಸದ್ದು ಮಾಡುತ್ತಿತ್ತು.

ವಾಪಸು ಬಂದ ಮೇಲೆ ವ್ಯಾಯಾಮಶಾಲೆಯಲ್ಲಿ ಬಾರ್ ಕಡೆ ಹೋಗಲಿಲ್ಲ. ಈಗ ಅಲ್ಲಿ ಸರಿಯಾದ ಜೋಡಿ ಡಂಬೆಲ್ ಬಂದಿವೆ. ಕೈಗೆ ಐದು ಕಿಲೋದಿಂದ ಶುರುಮಾಡಿದೆ. ಐದು ಕಿಲೋ! 60 ಎತ್ತುತ್ತಿದ್ದ ಮನುಷ್ಯ! ಎಂಟನೇ ಸಲಕ್ಕೆ ಎಡಗೈ ಗಡಗಡ ನಡುಗಿತು. ಬಲಗೈ ಸುಮ್ಮನೆ ನಿಂತಿತ್ತು. ನಡುವೆ ಬಾರ್ ಇಲ್ಲವಲ್ಲ, ಅದಕ್ಕೆ ಸಹಾಯ ಮಾಡಲು ದಾರಿಯೇ ಇರಲಿಲ್ಲ.

ಡಂಬೆಲ್ ಎತ್ತಲು ಹೊರಟವರಿಗೆ ನಾನು ಕಲಿತ ನಾಲ್ಕು ಮಾತು ಹೇಳುತ್ತೇನೆ. ಮೊದಲನೆಯದು, ಭಾರ ಎಷ್ಟು, ಎಷ್ಟು ಸಲ ಅನ್ನುವುದನ್ನು ದುರ್ಬಲ ಕೈ ನಿರ್ಧರಿಸಬೇಕು. ಎಡಗೈ ಹತ್ತು ಸಲಕ್ಕೆ ಸೋತರೆ ಬಲಗೈಗೂ ಹತ್ತೇ, ಅದಕ್ಕೆ ಇನ್ನೂ ಶಕ್ತಿ ಇದ್ದರೂ ಸರಿ. ಎರಡನೆಯದು, ಡಂಬೆಲ್ ತೊಡೆಯ ಮೇಲೆ ನಿಲ್ಲಿಸಿಕೊಂಡು ಬೆಂಚಿನಲ್ಲಿ ಕೂತು, ಮಂಡಿಯಿಂದ ತಳ್ಳುತ್ತಾ ಹಿಂದಕ್ಕೆ ಮಲಗಬೇಕು. ನೆಲದಿಂದ ಒಂದೊಂದೇ ಎಳೆದುಕೊಂಡರೆ ಭುಜಕ್ಕೆ ಅಲ್ಲೇ ಪೆಟ್ಟು. ಮೂರನೆಯದು, ಮೊಣಕೈಯನ್ನು ಶಿಲುಬೆಯ ಹಾಗೆ ಅಗಲಕ್ಕೆ ಚಾಚಬಾರದು, ಮೈಗೆ ಓರೆಯಾಗಿ ಇಡಬೇಕು. ಅಂಗೈ ಒಂದಕ್ಕೊಂದು ಎದುರಾಗುವ ಹಾಗೆ ಸ್ವಲ್ಪ ತಿರುಗಿಸಿ ಹಿಡಿದರೆ ನೋವಿರುವ ಭುಜಕ್ಕೆ ಹಿತ. ಬಾರ್‌ನಲ್ಲಿ ಈ ಸ್ವಾತಂತ್ರ್ಯ ಇಲ್ಲ, ಅದು ಹಿಡಿಸಿದ ಹಾಗೆ ಕೈ ಹಿಡಿಯಬೇಕು. ನಾಲ್ಕನೆಯದು, ಉಸಿರು ಕಟ್ಟಬಾರದು, ಮೇಲೆ ಎತ್ತುವಾಗ ಉಸಿರು ಹೊರಗೆ. ಬಿಪಿ ಇರುವವರಿಗೆ ಇದು ಇನ್ನೂ ಮುಖ್ಯ, ಅವರು ಶುರುಮಾಡುವ ಮೊದಲು ಡಾಕ್ಟರನ್ನು ಕೇಳಬೇಕು.

ವಯಸ್ಸಾದವರಿಗೆ ಇದೆಲ್ಲಾ ಯಾಕೆ ಅಂತ ಕೇಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯಲ್ಲಿ ದೊಡ್ಡವರೆಲ್ಲಾ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಅಂದಿದೆ. 65 ದಾಟಿದವರಿಗೆ ಬೀಳದಿರಲು ಸಮತೋಲನದ ವ್ಯಾಯಾಮವನ್ನೂ ಸೇರಿಸಿ ವಾರಕ್ಕೆ ಮೂರು ದಿನ. ಮುಂಬಯಿಯಲ್ಲಿ ಡಂಬೆಲ್‌ನ ಇನ್ನೊಂದು ಅನುಕೂಲ: ಮಂಚದ ಕೆಳಗೆ ಇಡಬಹುದು. ಏಳು ಅಡಿಯ ಬಾರ್ ನಮ್ಮ ಕೋಣೆಗೆ ತಂದರೆ ಬಾಗಿಲು ಹಾಕುವ ಹಾಗಿಲ್ಲ!

ಹಾಗಾದರೆ ಬಾರ್ಬೆಲ್ ಕೆಟ್ಟದ್ದೇ? ಖಂಡಿತ ಅಲ್ಲ. ಹರೆಯದವರು, ಭುಜ ಸರಿ ಇರುವವರು, ಹಿಂದೆ ನಿಲ್ಲಲು ಜತೆಗಾರ ಇರುವವರು ಧಾರಾಳವಾಗಿ ಎತ್ತಲಿ. ಶಕ್ತಿ ಅಳೆಯಲು, ಮೆಲ್ಲಗೆ ಏರಿಸಲು ಅದೇ ಮೇಲು. ನನ್ನ ಮಗ ಬಾರೇ ಎತ್ತುತ್ತಾನೆ, ನಾನು ಬೇಡ ಅನ್ನುವುದಿಲ್ಲ. ತಿಂಗಳಿಗೊಮ್ಮೆಯಾದರೂ ಡಂಬೆಲ್ ಹಿಡಿದು ಎರಡು ಕೈಯನ್ನೂ ಬೇರೆ ಬೇರೆಯಾಗಿ ಕೇಳಿ ನೋಡು, ಅಷ್ಟೇ ಅಂತ ಹೇಳಿದ್ದೇನೆ. ಬಾರ್ ನೆಟ್ಟಗೆ ಹೋಯಿತು ಅಂದ ಮಾತ್ರಕ್ಕೆ ಎರಡೂ ಕೈ ಸಮ ಹೊತ್ತವು ಅಂತ ಅಲ್ಲ.

ಈಗ ಎಡಗೈ ಹದಿನೈದು ಕಿಲೋಗೆ ಬಂದಿದೆ. ಬಲಗೈಗೂ ಹದಿನೈದೇ. ಭುಜದ ನೋವು ಇಲ್ಲ. ಊರಿಗೆ ಈಗ ವರ್ಷಕ್ಕೆ ಮೂರು ಸಲ ಹೋಗುತ್ತೇನೆ, ಹೋದರೆ ಒಂದು ತಿಂಗಳು. ಅಣ್ಣನ ಕೈ ಕಿವಿಯ ತನಕ ಏರುತ್ತದೆ, ಪೂರ್ತಿ ಅಲ್ಲ. ಅಂಗಿ ತಾನೇ ತೊಡುತ್ತಾನೆ. ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್ ಹಚ್ಚಿ ಇಬ್ಬರೂ ಒಟ್ಟಿಗೆ ಎಣಿಸುತ್ತೇವೆ. ಅವನು ಎರಡು ಕಿಲೋ, ನಾನೂ ಆ ಹೊತ್ತಿಗೆ ಎರಡೇ ಕಿಲೋ ಹಿಡಿಯುತ್ತೇನೆ. ಎಂಟಕ್ಕೆ ಅವನು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತೇನೆ. ಹೋದ ಮೂರು ವರ್ಷ ಇದರಿಂದ ಮರಳಿ ಬರುವುದಿಲ್ಲ, ಗೊತ್ತಿದೆ.

ಅಂದ ಹಾಗೆ ಶೆಟ್ರಿಗೆ ಮೊನ್ನೆ ಉತ್ತರ ಕೊಡಲಾಗದೆ, "ನಿಮ್ಮ ಕೈ ಗೆರೆ ಮೇಲೆ ಇದೆಯಾ ಒಮ್ಮೆ ನೋಡ್ಕೊಳ್ಳಿ ಶೆಟ್ರೆ" ಅಂತ ಮಾತ್ರ ಹೇಳಿ ಬಂದಿದ್ದೆ. "ಹೋಗಿ ಮಾರಾಯ್ರೆ" ಅಂದರು. ನಿನ್ನೆ ಬೆಳಿಗ್ಗೆ ಬೇಗ ಹೋದೆ. ಇನ್ನೂ ಯಾರೂ ಬಂದಿರಲಿಲ್ಲ. ಶೆಟ್ರು ಒಬ್ಬರೇ ಬೆಂಚಿನ ಮೇಲೆ ಮಲಗಿ, ಖಾಲಿ ಬಾರ್ ಹಿಡಿದುಕೊಂಡು, ಗೆರೆಯಿಂದ ಕೈಗೆ ಎಷ್ಟು ಬೆರಳು ಅಂತ ಅಳೆಯುತ್ತಿದ್ದರು. ನಾನು ಕಂಡರೂ ಕಾಣದ ಹಾಗೆ ಹೋಗಿ ಅವರ ತಲೆಯ ಹಿಂದೆ ನಿಂತುಕೊಂಡೆ.